ತಳದ ಗೂಡು

ಗೂಡಿನ ರಾಶಿಗೆ ಮೊಣಕೈವರೆಗೂ ಕೈ ಇಳಿಸಿ ತಳದಿಂದ ಒಂದು ಹಿಡಿ ಎತ್ತಿಕೊಂಡ ಜಯಕುಮಾರನಿಗೆ, ಕೈಗೆ ಬಂದದ್ದು ಒಳ್ಳೆಯ ಮಾಲೋ ಕೆಟ್ಟ ಮಾಲೋ ಎನ್ನುವುದೇ ತಿಳಿಯದೆ ಹೋಯಿತು. ಹದಿನಾಲ್ಕು ವರ್ಷದಿಂದ ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಗೆ ದಿನಾ ಬೆಳಿಗ್ಗೆ ಬಂದು, ಗೂಡು ಕೊಂಡು, ಮನೆಯ ಪಕ್ಕದ ಶೆಡ್ಡಿನಲ್ಲಿ ನೂಲು ತೆಗೆಸುವ ರೀಲರ್ ಅವನು. ಅವನ ಕೈಗೆ ಮಾರುಕಟ್ಟೆಯಲ್ಲಿ ಒಂದು ಹೆಸರಿತ್ತು. ಗೂಡು ತಂದ ರೈತ ಎಷ್ಟೇ ಸಾಚಾ ಆಗಿರಲಿ, ಬೆಳ್ಳಗೆ ಗಟ್ಟಿಯಾಗಿರುವುದನ್ನು ಮೇಲೆ ಹರಡಿ, ಕರೆ ಬಿದ್ದದ್ದನ್ನೂ ಹುಳ ಸತ್ತದ್ದನ್ನೂ ಅಡಿಗೆ ತಳ್ಳದೆ ಬಿಡುವವನಲ್ಲ. ಆದ್ದರಿಂದ ಮೇಲಿನದಕ್ಕೆ ಮರುಳಾಗಬಾರದು, ತಳಕ್ಕೆ ಕೈ ಹಾಕಬೇಕು, ಎತ್ತಿದ್ದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು, ಒಳಗಿನ ಹುಳ ಲೊಟಲೊಟ ಅಂದರೆ ಸರಿ, ಸದ್ದಿಲ್ಲದೆ ಅಂಟಿಕೊಂಡಿದ್ದರೆ ಆ ರಾಶಿಯ, ಮಾರುಕಟ್ಟೆಯ ಮಾತಿನಲ್ಲಿ ಆ ಲಾಟಿನ, ಮಗ್ಗುಲಿಗೂ ನಿಲ್ಲಬಾರದು. ಇಷ್ಟೇ ವಿದ್ಯೆ. ಇವತ್ತು ಎರಡು ಸಲ ಅಲ್ಲಾಡಿಸಿದ, ಮೂರು ಸಲ ಅಲ್ಲಾಡಿಸಿದ. ಕಿವಿಯಲ್ಲಿ ಬೆಳಿಗ್ಗೆ ಹೆಂಡತಿ ಅಂದ ಮಾತೇ ಕೂತಿತ್ತು. ಪಕ್ಕದ ಲಾಟು ನೋಡುತ್ತಿದ್ದ ವಾಸಿಂ, ಅವನೂ ರೀಲರೇ, ಕಿವಿ ಮನೇಲೇ ಬುಟ್ ಬಂದ್ಯೇನ್ಲಾ ಎಂದು ರೇಗಿಸಿದ. ಜಯಕುಮಾರ ನಗಲಿಲ್ಲ. ವಾಸಿಂ ಸರಿಯಾಗಿ ಈಗಲೇ ಯಾಕೆ ರೇಗಿಸಬೇಕು, ಈ ಲಾಟಿನ ಮೇಲೆ ಅವನಿಗೆ ಕಣ್ಣಿರಬೇಕು, ತಾನು ಎದ್ದು ಹೋದರೆ ಅವನಿಗೇ ಒಳ್ಳೆಯದಲ್ಲವೆ ಎಂದುಕೊಂಡ. ಹಾಗೆಂದುಕೊಂಡರೂ ಹರಾಜಿಗೆ ಮೊಬೈಲಿನಲ್ಲಿ ರೇಟು ಹಾಕದೆ ಎದ್ದು, ಕೈಗೆ ಹತ್ತಿದ ಎಳೆ ಒರೆಸಿಕೊಳ್ಳುತ್ತಾ ಹೊರಗೆ ಬಂದ.

ಚೈತ್ರಾ ಅಂದದ್ದು ಭಾರಿ ಮಾತೇನೂ ಅಲ್ಲ. ರೊಟ್ಟಿ ತಟ್ಟುತ್ತಾ, ಮುಖ ಇತ್ತ ತಿರುಗಿಸದೆ, ಧನೂನ ನಮ್ಮ ರಸ್ತೆ ಕೊನೆಯ ಸರ್ಕಾರಿ ಶಾಲೆಗೆ ಒಂದನೇ ಕ್ಲಾಸಿಗೆ ಹಾಕೋಣ, ಇವತ್ತು ಹನ್ನೊಂದು ಗಂಟೆಗೆ ನೀವೂ ಬಂದು ಕಣ್ಣಾರೆ ನೋಡಿ ಅಂದಿದ್ದಳು. ಮುಖ ತಿರುಗಿಸದೆ ಅಂದಳಲ್ಲ, ಅದೇ ಅವನಿಗೆ ಮುಳ್ಳಾಗಿ ಚುಚ್ಚಿದ್ದು. ಹನ್ನೊಂದೇ ಗಂಟೆ ಯಾಕೆ? ಹತ್ತಕ್ಕೆ ಯಾಕಾಗಬಾರದು, ನಾಳೆ ಯಾಕಾಗಬಾರದು? ಮೇ ತಿಂಗಳಲ್ಲಿ ಒಂದು ಮಧ್ಯಾಹ್ನ ಅವನು ಮಾರುಕಟ್ಟೆಯಿಂದ ಬಂದಾಗ ತೊಳೆಯುವ ಕಲ್ಲಿನ ಮೇಲೆ ಎರಡು ಕಾಫಿ ಲೋಟ ಇದ್ದವು. ಯಾರು ಬಂದಿದ್ದರು ಎಂದರೆ, ಆ ಶಾಲೆಯ ಹೆಡ್‌ಮಿಸ್ಸು ಶರ್ಫುನ್ನೀಸಾ ಮೇಡಂ, ಮನೆಮನೆಗೂ ಬಂದು ಮಕ್ಕಳನ್ನ ಕೇಳ್ತಾ ಅವ್ರೆ, ಅಂದಿದ್ದಳು. ಮನೆಮನೆಗೂ ಹೋಗುವವರು ಮನೆಮನೆಯಲ್ಲೂ ಕೂತು ಕಾಫಿ ಕುಡಿದರೆ ಸಂಜೆಯೊಳಗೆ ಮುಗಿಯುವ ಕೆಲಸವೇ ಅದು? ಕೊನೆಗೆ ಅವನಿಗೆ ಹೊಳೆದದ್ದು ಇಷ್ಟು: ಇಬ್ಬರು ಹೆಂಗಸರೂ ಸೇರಿ ಮೊದಲೇ ಮಾತು ಮುಗಿಸಿಕೊಂಡಿದ್ದಾರೆ, ತನ್ನನ್ನು ಕರೆಯುತ್ತಿರುವುದು ಸೈನು ಹಾಕುವುದಕ್ಕೆ ಮಾತ್ರ. ಆ ಮೇಡಮ್ಮಿನ ಹೆಸರು ಕೇಳಿದಾಗ ಮನಸ್ಸು ಇನ್ನೊಂದು ದಿಕ್ಕಿಗೂ ಒಂದು ಹೆಜ್ಜೆ ಇಟ್ಟು ವಾಪಸು ಬಂದಿತ್ತು. ದಿನಾ ವಾಸಿಂನ ಜೊತೆ ಒಂದೇ ಲೋಟದ ಟೀ ಅರ್ಧರ್ಧ ಕುಡಿಯುವವನು ತಾನು, ಛೆ, ಅದೆಲ್ಲ ತನ್ನಲ್ಲಿಲ್ಲ ಎಂದುಕೊಂಡಿದ್ದ. ವಾಪಸು ಬಂದ ಹೆಜ್ಜೆಯೂ ಇಟ್ಟ ಹೆಜ್ಜೆಯೇ ಎಂದು ಗೊತ್ತಿದ್ದರಿಂದ ಆ ವಿಷಯ ಮತ್ತೆ ಮುಟ್ಟಲಿಲ್ಲ.

ಶಾಲೆಗೆ ಹೊರಟ ಬೈಕು ರೈಲ್ವೆ ಗೇಟಿನ ಹತ್ತಿರ ನಿಂತಾಗ, ಆಗಬೇಕಾದ್ದಾದರೂ ಏನು ಎಂದು ತನ್ನನ್ನೇ ಕೇಳಿಕೊಂಡ. ಮಗಳು ಧನುಶ್ರೀ ಮಾತಾಡಬೇಕು, ಅಷ್ಟೇ. ಆರು ವರ್ಷದ ಹುಡುಗಿ. ಹೆದ್ದಾರಿ ಪಕ್ಕದ ಇಂಗ್ಲಿಷ್ ಮೀಡಿಯಂ ಸ್ಕೂಲಿಗೆ ಎರಡು ವರ್ಷ ವ್ಯಾನಿನಲ್ಲಿ ಹೋಗಿ ಬಂದಳು. ಮೊದಲ ವರ್ಷ ಪಟಪಟ ಅನ್ನುತ್ತಿದ್ದವಳು ಎರಡನೇ ವರ್ಷದ ಸಂಕ್ರಾಂತಿಯಿಂದೀಚೆಗೆ ಹೊಸ್ತಿಲು ದಾಟಿದರೆ ಬಾಯಿ ಬಿಡಳು. ಅಂಗಡಿಯಲ್ಲಿಲ್ಲ, ನೆಂಟರ ಮನೆಯಲ್ಲಿಲ್ಲ, ಕ್ಲಾಸಿನಲ್ಲಂತೂ ಇಲ್ಲವೇ ಇಲ್ಲ. ಬಾತ್‌ರೂಮಿಗೆ ಹೋಗಬೇಕು ಎಂದು ಕೇಳಲಾರದೆ ಒದ್ದೆ ಯೂನಿಫಾರ್ಮಿನಲ್ಲಿ ವ್ಯಾನಿನಿಂದ ಇಳಿದ ದಿನ, ವ್ಯಾನಿನ ಡ್ರೈವರು ಸೀಟಿಗೆ ಹಾಕಿದ್ದ ಪೇಪರನ್ನು ಎಲ್ಲರ ಎದುರಿಗೇ ಕಿತ್ತು ಬೀದಿಗೆ ಎಸೆದ. ಆ ಪೇಪರನ್ನು ಬಾಗಿ ಎತ್ತಿಕೊಂಡವನು ಜಯಕುಮಾರನೇ. ನಿಮ್ಮ ಮಗು ಮೂಗಿಯ ಹಾಗೆ ಕೂರುತ್ತೆ, ಬೆಂಗಳೂರಿಗೆ ಕರಕೊಂಡು ಹೋಗಿ ತೋರಿಸಿ, ಅದುವರೆಗೆ ಮುಂದಿನ ಕ್ಲಾಸಿಗೆ ತಗೊಳ್ಳೋದು ಕಷ್ಟ ಎಂದು ಅಲ್ಲಿಯ ಮಿಸ್ಸು ಇಂಗ್ಲಿಷಿನಲ್ಲಿ ಹೇಳಿದಾಗ, ಅರ್ಧ ಅರ್ಥವಾಗದಿದ್ದರೂ ಯೆಸ್ ಮೇಡಂ ಯೆಸ್ ಮೇಡಂ ಎಂದು ತಲೆಯಾಡಿಸಿ ಬಂದಿದ್ದ. ಡಾಕ್ಟರು ಗಂಟಲು ಸರಿಯಾಗಿದೆ, ಕಿವಿ ಸರಿಯಾಗಿದೆ, ಹೆದರಿಸಬೇಡಿ ಅಂದರು. ಯಾರು ಹೆದರಿಸಿದರು ಅವಳನ್ನು? ಅವನು ಒಂದು ದಿನವೂ ಕೈ ಎತ್ತಿದವನಲ್ಲ. ಸಂಜೆ ಮನೆಗೆ ಯಾರಾದರೂ ಬಂದರೆ ಸ್ಟೂಲಿನ ಮೇಲೆ ನಿಲ್ಲಿಸಿ, ಎಲಿಫೆಂಟ್ ಸ್ಪೆಲಿಂಗ್ ಹೇಳು, ಹಿಂದಿನಿಂದ ನಂಬರ್ಸ್ ಹೇಳು ಎಂದು ಕೇಳುತ್ತಿದ್ದ, ನಿಜ. ಎಲ್ಲರ ಮನೆಯಲ್ಲೂ ಕೇಳುತ್ತಾರೆ. ಬಾಯಿಪಾಠವೋ ನಿಜವಾಗಿ ಬರುತ್ತದೋ ನೋಡಲು ಮಧ್ಯದಲ್ಲಿ ತಡೆದು ಬೇರೆ ಕಡೆಯಿಂದ ಕೇಳುತ್ತಿದ್ದ, ಅದೂ ನಿಜ. ರೈಲು ಹೋಯಿತು. ಹಿಂದಿನ ಆಟೋದವನು ಹಾರನ್ ಹೊಡೆದಾಗಲೇ ಗೇಟು ತೆಗೆದದ್ದು ಗೊತ್ತಾಯಿತು.

ಚೈತ್ರಾ ಹೇಳುವ ಪ್ರಕಾರ ಧನು ಮನೆಯ ಹಿಂದಿನ ಗೋಡೆಯ ಹತ್ತಿರ ನಿಂತು ಆಚೆಮನೆಯ ಇಕ್ರಾಳ ಜೊತೆ ಗಂಟೆಗಟ್ಟಲೆ ಮಾತಾಡುತ್ತಾಳೆ. ಇಕ್ರಾ ಆ ಸರ್ಕಾರಿ ಶಾಲೆಯಲ್ಲಿ ಎರಡನೇ ಕ್ಲಾಸು, ಅವಳಿರುವಲ್ಲಿ ಇವಳನ್ನು ಬಿಟ್ಟರೆ ತಾನಾಗಿ ಬಾಯಿ ಬರುತ್ತದೆ ಎನ್ನುವುದು ಚೈತ್ರಾಳ ನಂಬಿಕೆ. ಜಯಕುಮಾರ ಒಂದು ದಿನವೂ ಆ ಮಾತು ಕೇಳಿದವನಲ್ಲ. ಅವನು ಹಿತ್ತಲಿಗೆ ಕಾಲಿಟ್ಟ ಕೂಡಲೆ ಗೋಡೆಯ ಮೇಲೆ ಕಾಣುತ್ತಿದ್ದ ಎಣ್ಣೆ ಹಚ್ಚಿದ ನೆತ್ತಿ ಕೆಳಗಿಳಿಯುತ್ತಿತ್ತು, ಈಚೆಗೆ ಧನು ಬಾಯಿ ಮುಚ್ಚಿ ನಿಂತಿರುತ್ತಿದ್ದಳು. ಒಂದು ಸಲ ಬಚ್ಚಲು ಮನೆಯೊಳಗೆ ದೀಪ ಹಾಕದೆ ಕಾಲು ಗಂಟೆ ನಿಂತು ಕಿವಿಗೊಟ್ಟ. ಹೆತ್ತ ಮಗಳ ಮಾತು ಕೇಳಲು ಕಳ್ಳನ ಹಾಗೆ ನಿಲ್ಲಬೇಕಾಯಿತಲ್ಲ ಎಂದುಕೊಂಡ. ಕೇಳಿಸಿದ್ದು ನಲ್ಲಿ ತೊಟ್ಟಿಕ್ಕುವ ಸದ್ದು ಮಾತ್ರ. ಬಹುಶಃ ಚೈತ್ರಾ ಇಲ್ಲದ್ದನ್ನು ಹುಟ್ಟಿಸಿ ಹೇಳುತ್ತಿದ್ದಾಳೆ, ಮಾಗಡಿ ಕಡೆ ಕಲ್ಯದ ಶಾಲೆಯಲ್ಲಿ ಓದಿದವಳಿಗೆ ಸರ್ಕಾರಿ ಶಾಲೆ ಅಂದರೆ ತವರುಮನೆ, ಎಂದು ತೀರ್ಮಾನಿಸಿದ್ದ.

ಅವನಿಗೂ ಸರ್ಕಾರಿ ಶಾಲೆ ಗೊತ್ತು. ತಿಪ್ಪಸಂದ್ರದಲ್ಲಿ ನಾಲ್ಕನೇ ಕ್ಲಾಸು. ಇನ್‌ಸ್ಪೆಕ್ಟರು ಬರುವ ದಿನ ಮೇಷ್ಟರು ಬೆಳಿಗ್ಗೆಯೇ ಅವನನ್ನೂ ಸೇರಿಸಿ ಮೂವರನ್ನು ಬೆರಳು ಮಾಡಿ ಕರೆದರು. ಹಿಂದುಗಡೆ ಕಳೆ ಬಾಳ ಬೆಳೆದದೆ, ಕಿತ್ತು ಹಾಕ್ರಪ್ಪ, ನಾನು ಕರೆಯೋಗಂಟ ಬರಬ್ಯಾಡಿ ಅಂದರು, ಎಷ್ಟು ಮೆತ್ತಗೆ ಅಂದರು. ಹುಡುಗರು ಖುಷಿಯಿಂದ ಹೋದರು. ಕಳೆ ಅಲ್ಲಿ ಅಷ್ಟೇನೂ ಇರಲಿಲ್ಲ. ಕಿತ್ತು ಮುಗಿದ ಮೇಲೆ ಗೋಡೆಗೆ ಒರಗಿ ಕೂತಾಗ ಒಳಗಿನಿಂದ ಉಳಿದವರು ಓದುವುದು ಕೇಳಿಸಿತು, ಇನ್‌ಸ್ಪೆಕ್ಟರು ಭೇಷ್ ಅನ್ನುವುದೂ ಕೇಳಿಸಿತು. ಆಗ ಮೂವರಲ್ಲಿ ಒಬ್ಬ, ನಮ್ಗೆ ಓದಕ್ಕೆ ಬರಲ್ವಲ್ಲ, ಅದ್ಕೇ ಕಣ್ಲಾ ಎಂದು ಮಣ್ಣು ಕೆದಕುತ್ತಾ ಅಂದ. ಅದುವರೆಗೆ ಜಯಕುಮಾರನಿಗೆ ಅದು ಗೊತ್ತೇ ಆಗಿರಲಿಲ್ಲ. ಮನೆಗೆ ಹೋಗಿ ಇನ್‌ಸ್ಪೆಕ್ಟರು ನನ್ನನ್ನೂ ಓದಿಸಿದರು ಎಂದು ಅಪ್ಪನಿಗೆ ಸುಳ್ಳು ಹೇಳಿದ್ದ. ಅಪ್ಪ ಬೆನ್ನು ತಟ್ಟಿ ಬೆಲ್ಲದ ಚೂರು ಕೊಟ್ಟಿದ್ದ.

ಶಾಲೆಯ ಹೊರಗೋಡೆಗೆ ರೈಲುಡಬ್ಬಿಯ ಚಿತ್ರ ಬರೆದಿದ್ದರು. ಹೊಸ ಬಣ್ಣ. ಹೊಸದು ಎನ್ನುವುದೇ ಅವನಿಗೆ ಸಾಕಾಯಿತು. ಮುಚ್ಚಬೇಕಾದ್ದು ಇಲ್ಲದಿದ್ದರೆ ಬಣ್ಣ ಯಾಕೆ ಬಳಿಯುತ್ತಾರೆ? ಗೇಟಿನ ಹತ್ತಿರ ಚೈತ್ರಾ ಧನುವಿನ ಕೈ ಹಿಡಿದು ನಿಂತಿದ್ದಳು. ಧನು ಅಪ್ಪನನ್ನು ನೋಡಿದವಳೇ ಅಮ್ಮನ ವೇಲಿನ ತುದಿಯನ್ನು ಮುಷ್ಟಿಯಲ್ಲಿ ಸುತ್ತಿಕೊಂಡಳು. ಅಂಗಳ ಗುಡಿಸಿತ್ತು, ನಲ್ಲಿಯಲ್ಲಿ ನೀರು ಬರುತ್ತಿತ್ತು, ಹೊಂಗೆ ಮರದ ಕೆಳಗೆ ಅಡುಗೆಯವಳು ಮೊಟ್ಟೆ ಸುಲಿಯುತ್ತಿದ್ದಳು. ಕಕ್ಕಸ್ಸಿನ ಬಾಗಿಲನ್ನು ಅವನೇ ಹೋಗಿ ತಳ್ಳಿ ನೋಡಿದ; ಅಲ್ಲೂ ನೀರಿತ್ತು, ಬಕೆಟ್ಟಿಗೆ ಮಗ್ಗೂ ಇತ್ತು. ಇಷ್ಟೆಲ್ಲ ಸರಿಯಾಗಿದ್ದರೆ ಯಾರೋ ಫೋನು ಮಾಡಿ ಹೇಳಿದ್ದಾರೆಂದೇ ಅರ್ಥ. ನಾವು ಬರ್ತೀವಿ ಅಂತ ನೀನು ಮೊದಲೇ ಹೇಳಿದ್ಯಾ ಎಂದು ಹೆಂಡತಿಯನ್ನು ಕೇಳಿದ. ಇಲ್ಲ ಅಂದಳು. ಇಲ್ಲ ಎನ್ನುವ ಮೊದಲು ಅವಳು ಒಂದು ಕ್ಷಣ ತಡೆದಳೆಂದು ಅವನಿಗನ್ನಿಸಿತು.

ಶರ್ಫುನ್ನೀಸಾ ಮೇಡಂ ಐವತ್ತೈದು ದಾಟಿದ, ದಪ್ಪ ಕನ್ನಡಕದ, ತಲೆಯ ಮೇಲೆ ಸೆರಗು ಹೊದ್ದ ಹೆಂಗಸು. ಕುರ್ಚಿ ಕೊಟ್ಟರು, ಧನುವಿನ ಹೆಸರು ಕೇಳಲಿಲ್ಲ. ಊರಿನವರೆಲ್ಲ ಮೊದಲು ಕೇಳುವುದೇ ಹೆಸರು, ಉತ್ತರ ಬಾರದಿದ್ದಾಗ ಕೇಳಿದವರ ಮುಖ ನೋಡುವುದೇ ಅವನಿಗೆ ರೂಢಿಯಾಗಿತ್ತು. ಕೇಳಲಿಲ್ಲವಲ್ಲ, ಹಾಗಾದರೆ ಇವರಿಗೆ ಎಲ್ಲ ಗೊತ್ತು, ಚೈತ್ರಾ ಒದ್ದೆ ಯೂನಿಫಾರ್ಮಿನ ಕತೆಯನ್ನೂ ಬಿಡದೆ ಹೇಳಿದ್ದಾಳೆ ಎಂದು ಕಿವಿ ಬಿಸಿಯಾಯಿತು. ಅದೇ ಬಿಸಿಯಲ್ಲಿ, ನಿಮಗೆ ನಮ್ಮ ಮಗಳು ಯಾಕೆ ಬೇಕು, ಮಕ್ಕಳು ಕಮ್ಮಿಯಾದರೆ ಸ್ಕೂಲು ಮುಚ್ಚುತ್ತಾರೆ ಅಂತಲ್ಲವೆ ಎಂದು ಕೇಳಿಬಿಟ್ಟ. ಚೈತ್ರಾ ತಲೆ ತಗ್ಗಿಸಿದಳು. ಮೇಡಂ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು.

"ಹೌದು ಜಯಕುಮಾರ್ ಅವ್ರೆ. ಇಪ್ಪತ್ಮೂರು ಮಕ್ಕಳವ್ರೆ. ಇನ್ನೂ ಕಮ್ಮಿಯಾದ್ರೆ ಒಬ್ಬ ಟೀಚರ್‌ನ ಬೇರೆ ಕಡೆ ಹಾಕ್ತಾರೆ. ನಮಗೆ ಮಕ್ಕಳು ಬೇಕು. ಸುಳ್ಳು ಯಾಕೆ ಹೇಳ್ಲಿ?"

ಬೇರೆಯವರಾಗಿದ್ದರೆ ಈ ಮಾತಿಗೆ ಕರಗುತ್ತಿದ್ದರು. ಜಯಕುಮಾರ ಇನ್ನಷ್ಟು ಬಿಗಿಯಾದ. ಒಂದು ಕುಂದನ್ನು ತಾನಾಗಿಯೇ ತೋರಿಸುವ ರೈತ ಎರಡನ್ನು ಬಚ್ಚಿಟ್ಟಿರುತ್ತಾನೆ ಎನ್ನುವುದನ್ನು ಅವನಿಗೆ ಮಾರುಕಟ್ಟೆಯಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ, ಕೈ ಸುಟ್ಟುಕೊಂಡೇ ಕಲಿತಿದ್ದ. ಕ್ಲಾಸು ನೋಡಬೇಕು ಅಂದ. ನೋಡಿ, ಬನ್ನಿ ಎಂದು ಮೇಡಂ ಎದ್ದರು. ಅಷ್ಟು ಬೇಗ ಎದ್ದದ್ದೂ ಅವನಿಗೆ ಸರಿಬರಲಿಲ್ಲ.

ಒಂದು, ಎರಡು, ಮೂರನೇ ಕ್ಲಾಸಿನ ಮಕ್ಕಳು ಒಂದೇ ಕೋಣೆಯಲ್ಲಿದ್ದರು. ಹದಿಮೂರು ತಲೆ. ಬಾಗಿಲಲ್ಲಿ ನಿಂತು ನೋಡಿದ ಅವನಿಗೆ ಒಂದು ಗಳಿಗೆ ಏನು ಮಾಡಬೇಕೋ ತೋಚಲಿಲ್ಲ, ಯಾಕೆಂದರೆ ಅಲ್ಲಿ ಬೆಂಚುಗಳೇ ಇರಲಿಲ್ಲ. ಮಕ್ಕಳು ಚಾಪೆಯ ಮೇಲೆ ನಾಲ್ಕು ಸುತ್ತಾಗಿ, ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತು, ಕಾರ್ಡು ಜೋಡಿಸುತ್ತಿದ್ದರು, ಏನೋ ಬರೆಯುತ್ತಿದ್ದರು, ಒಂದು ಮಗು ಸುಮ್ಮನೆ ಮಲಗಿ ಸೂರು ನೋಡುತ್ತಿತ್ತು. ಮುಂದಿನ ಸಾಲು ಯಾವುದು, ಹಿಂದಿನ ಸಾಲು ಯಾವುದು? ದುಂಡಗೆ ಕೂತವರಲ್ಲಿ ತಳ ಎಲ್ಲಿರುತ್ತದೆ? ದಾರಿಯುದ್ದಕ್ಕೂ ಅವನು ಲೆಕ್ಕ ಹಾಕಿಕೊಂಡು ಬಂದದ್ದು ಕೊನೆಯ ಬೆಂಚಿನ ಒಂದು ಮಗುವನ್ನು ಎಬ್ಬಿಸಿ ಓದಿಸುವುದು ಎಂದು. ಆ ಬೆಂಚನ್ನೇ ಇಲ್ಲದಂತೆ ಮಾಡಿದ್ದಾರೆ, ಎಂಥ ಪಾಕಡಾ ಜನ ಎನ್ನಿಸಿತು. ಗಂಟಲು ಸರಿಮಾಡಿಕೊಂಡ.

"ಇವರಲ್ಲಿ ಎಲ್ಲರಿಗಿಂತ ದಡ್ಡ ಯಾರು ಮೇಡಂ?"

ಕಾರ್ಡು ಜೋಡಿಸುತ್ತಿದ್ದ ಕೈಗಳು ನಿಂತವು. ಹಂಗೆಲ್ಲ ಮಕ್ಕಳ ಮುಂದೆ ಕೇಳಬಾರದು ಎಂದು ಮೇಡಂ ತಗ್ಗಿದ ದನಿಯಲ್ಲಿ ಹೇಳಿದರು. ಚೈತ್ರಾ ರೀ ಎಂದು ಅವನ ತೋಳು ಮುಟ್ಟಿದಳು. ಕೇಳಬಾರದು ಎಂದರೆ ಅಂಥ ಮಗು ಇದೆ ಎಂದಾಯಿತಲ್ಲ ಎಂದು ಅವನ ಕಣ್ಣು ತಾನಾಗಿ ಕೋಣೆಯ ಮೂಲೆಗೆ ಹೋಯಿತು. ಅಲ್ಲಿ ಕಬ್ಬಿಣದ ಬೀರುವಿಗೂ ಗೋಡೆಗೂ ನಡುವೆ, ಸುತ್ತಿನಿಂದ ಒಸಿ ಹಿಂದಕ್ಕೆ ಸರಿದು, ಮೂಗು ಸುರಿಯುವ ಒಂದು ತೆಳ್ಳನೆಯ ಹುಡುಗಿ ಕೂತಿತ್ತು. ಸಿಕ್ಕಿತು ಎಂದುಕೊಂಡ. ಹೊಟ್ಟೆಯಲ್ಲಿ ಹಳೆಯ ಸಂತೋಷವೊಂದು ಆಡಿತು, ರಾಶಿಯ ಅಡಿಯಲ್ಲಿ ಬೆರಳಿಗೆ ಮೆತ್ತನೆಯ ಕೆಟ್ಟ ಗೂಡು ತಾಗಿದಾಗ ಆಗುವಂಥದ್ದು. ಬೀರು ತೆರೆದು, ಕೆಳಗಿನ ಅರೆಯಿಂದ, ಯಾರೂ ಮುಟ್ಟಿದ ಹಾಗೆ ಕಾಣದ ಒಂದು ಪುಸ್ತಕ ಎಳೆದು, ನಡುವೆ ಬಿಡಿಸಿ ಆ ಹುಡುಗಿಯ ಮುಂದೆ ಹಿಡಿದು, ಓದವ್ವಾ ಅಂದ. ಅದು ಇಕ್ರಾ ಕಣ್ರೀ ಎಂದು ಚೈತ್ರಾ ಹಿಂದಿನಿಂದ ಹೇಳಿದಳು. ಗೋಡೆಯ ಆಚೆಯ ನೆತ್ತಿಗೆ ಇಂಥ ಮುಖವಿದೆಯೆಂದು ಅವನಿಗೆ ಗೊತ್ತಿರಲಿಲ್ಲ.

ಹುಡುಗಿ ಓದಿತು. ಬೆರಳಿಟ್ಟುಕೊಂಡು, ಆನೆ ಕೆರೆಗೆ ಬಂತು, ಆನೆ ನೀರು ಕುಡಿಯಿತು ಎಂದು ಎರಡು ಸಾಲು ಸರಾಗವಾಗಿಯೇ ಓದಿತು. ಸರಾಗ ಅಂದರೆ ಬಾಯಿಪಾಠ. ಪಕ್ಕದಲ್ಲಿ ಆನೆಯ ಚಿತ್ರವಿತ್ತು. ಚಿತ್ರ ನೋಡಿ ಹೇಳುತ್ತಿರಬಹುದು ಎಂದು ಅಂಗೈಯಿಂದ ಅದನ್ನು ಮುಚ್ಚಿದ, ಇನ್ನೊಂದು ಹಾಳೆ ತಿರುವಿ ಕೆಳಗಿನ ಸಾಲಿಗೆ ಬೆರಳಿಟ್ಟ. ಅಲ್ಲಿ ಒತ್ತಕ್ಷರಗಳಿದ್ದವು. ಇಕ್ರಾ ಬಾಯಿ ತೆರೆದಳು, ಮುಚ್ಚಿದಳು. ಮುಂದೆ ಅಂದ. ಒಂದು ಅಕ್ಷರ ಹೇಳಿ ನಿಂತಳು. ಮುಂದೆ, ಎಂದ ಮತ್ತೆ. ಅವಳ ಗದ್ದ ಸಣ್ಣಗೆ ನಡುಗಲು ಶುರುವಾಯಿತು, ಕಣ್ಣು ಪುಸ್ತಕ ಬಿಟ್ಟು ಎತ್ತಲೋ ಹೋಯಿತು. ಆ ನಡುಗುವ ಗದ್ದವನ್ನು ಅವನು ಎಲ್ಲೋ ನೋಡಿದ್ದ. ಸ್ಟೂಲಿನ ಮೇಲೆ, ಸಂಜೆ, ನೆಂಟರ ಎದುರಿಗೆ. ನೋಡಿದ್ದು ನೆನಪಾದರೂ ನಿಲ್ಲಿಸಲಾಗಲಿಲ್ಲ; ನಿಲ್ಲಿಸಿದರೆ ಇಷ್ಟು ಹೊತ್ತು ಮಾಡಿದ್ದು ತಪ್ಪೆಂದಾಗುತ್ತದೆ. ಮೇಡಂ ಸಾಕು ಬಿಡಿ ಎಂದು ಒಂದು ಹೆಜ್ಜೆ ಮುಂದೆ ಬಂದರು. ಅವನು ಪುಸ್ತಕ ಎತ್ತಿ ಹಿಡಿದು, ಇದೇನಾ ನಿಮ್ಮ ಎರಡನೇ ಕ್ಲಾಸು ಎಂದು ಕೇಳಿದ. ತನ್ನ ದನಿಯಲ್ಲಿ ಗೆದ್ದ ಸಂತೋಷ ಇರುವುದು ಅವನಿಗೇ ಕೇಳಿಸಿತು. ಒಂದು ಮಗುವಿನ ಕಣ್ಣಲ್ಲಿ ನೀರು ತರಿಸಿ ಗೆದ್ದವನು ಎಂದು ನಾಚಿಕೆಯೂ ಆಯಿತು. ಆದರೂ ಪುಸ್ತಕ ಕೆಳಗಿಳಿಸಲಿಲ್ಲ.

ಧನು ಯಾವಾಗ ಅಮ್ಮನ ವೇಲು ಬಿಟ್ಟಳೋ ಯಾರೂ ನೋಡಲಿಲ್ಲ. ಚಾಪೆಯ ಮೇಲೆ ಕೂತವರ ನಡುವೆ ಕಾಲಿಡುತ್ತಾ ಹೋಗಿ, ಬೀರುವಿನ ಪಕ್ಕ ಇಕ್ರಾಳಿಗೆ ಒತ್ತಿಕೊಂಡು ಕೂತಳು. ಕೂತು, ತಲೆಯೆತ್ತಿ ಅಪ್ಪನನ್ನು ನೋಡಿದಳು. ಜಯಕುಮಾರನಿಗೆ ಏನೋ ಆಗಲಿದೆ ಎನ್ನಿಸಿತು. ಮಾತಾಡು ಮಗಾ ಎಂದು ಎಷ್ಟು ದೇವರಿಗೆ ಹೇಳಿಕೊಂಡಿದ್ದ. ಈಗ ಅವಳ ತುಟಿ ಬಿಚ್ಚುವುದನ್ನು ನೋಡುತ್ತಾ ಯಾಕೋ ಬೇಡ ಅನ್ನಿಸಿತು.

"ಅಪ್ಪ, ನೀನ್ ಆಚಿಕ್ ಹೋಗು."

ಗಟ್ಟಿಯಾಗಿಯೇ ಅಂದಳು. ಹದಿಮೂರು ಮಕ್ಕಳಿಗೂ, ಮೇಡಮ್ಮಿಗೂ, ಬಾಗಿಲಿಗೆ ಬಂದಿದ್ದ ಅಡುಗೆಯವಳಿಗೂ ಕೇಳಿಸುವ ಹಾಗೆ. ಅವನು ಮೊದಲು ಚೈತ್ರಾಳ ಮುಖ ನೋಡಿದ, ಆಮೇಲೆ ಮೇಡಮ್ಮಿನ ಮುಖ. ಇವರು ಹೇಳಿಕೊಟ್ಟು ಆಡಿಸಿದ್ದಾರೋ ಎಂದು ಆಗಲೂ, ಆ ಗಳಿಗೆಯಲ್ಲೂ ಹುಡುಕಿದ. ಚೈತ್ರಾ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಿದ್ದಳು, ಕಣ್ಣು ತುಂಬಿತ್ತು. ಮೇಡಂ ಅವನನ್ನು ನೋಡಲೇ ಇಲ್ಲ, ನೆಲ ನೋಡುತ್ತಿದ್ದರು. ಹೇಳಿಕೊಟ್ಟವರ ಮುಖ ಹಾಗಿರುವುದಿಲ್ಲ. ಅದು ಅವಳದೇ ಮಾತು, ಹೊರಗೆ ಆಡಿದ ಮೊದಲ ಮಾತು, ಆರು ತಿಂಗಳು ಒಳಗೇ ಇಟ್ಟುಕೊಂಡಿದ್ದು. ಅವನಿಗೆ ಹಿಗ್ಗಿ ಕುಣಿಯಬೇಕೋ ನೆಲದೊಳಗೆ ಇಳಿಯಬೇಕೋ ತಿಳಿಯಲಿಲ್ಲ. ಪುಸ್ತಕವನ್ನು ಬೀರುವಿನ ಮೇಲಿಟ್ಟ. ಬಾಗಿಲಲ್ಲಿ ಅಡುಗೆಯವಳು ಸರಿದು ದಾರಿ ಬಿಟ್ಟಳು.

ಹೊಂಗೆ ಮರದ ಕೆಳಗೆ ನಿಂತ. ಸುಲಿದ ಮೊಟ್ಟೆಗಳ ಮೇಲೆ ತೆಳುಬಟ್ಟೆ ಮುಚ್ಚಿದ್ದರು, ನೊಣ ಹೊಡೆಯುವವರಿಲ್ಲ ಎಂದು ಕೈ ಬೀಸಿದ. ಒಳಗೆ ಮೆಲ್ಲಗೆ ಗುಜುಗುಜು ಶುರುವಾಯಿತು, ಯಾರೋ ನಕ್ಕರು. ಅವರಲ್ಲಿ ಧನುವಿನ ದನಿ ಇದೆಯೋ ಇಲ್ಲವೋ ಎಂದು ಕಿಟಕಿಯ ಕಡೆ ಎರಡು ಹೆಜ್ಜೆ ಇಟ್ಟು, ಏನೋ ನಾಚಿಕೆಯಾಗಿ ನಿಂತ. ತನ್ನಿಂದಲೇ ಆಯಿತೆ? ಇಷ್ಟು ದಿನ ಆ ವ್ಯಾನಿನವನನ್ನೂ, ಆ ಮಿಸ್ಸನ್ನೂ, ಡಾಕ್ಟರನ್ನೂ, ಕೊನೆಗೆ ಹೆಂಡತಿಯನ್ನೂ ಒಬ್ಬೊಬ್ಬರನ್ನೇ ಅನುಮಾನಿಸಿ ಮುಗಿಸಿದ್ದ. ಉಳಿದವನು ಒಬ್ಬನೇ ಇದ್ದ. ಹಾಗಲ್ಲ, ಮಕ್ಕಳು ಏನೋ ಅಂತಾರೆ, ಎಂದು ತನಗೆ ತಾನೇ ಹೇಳಿಕೊಂಡ, ಹೇಳಿಕೊಂಡದ್ದನ್ನು ನಂಬಲಿಲ್ಲ.

ಚೈತ್ರಾ ಅರ್ಜಿ ಹಿಡಿದು ಹೊರಗೆ ಬಂದಳು, ಮೇಡಮ್ಮಿನ ಪೆನ್ನೂ ತಂದಿದ್ದಳು. ಅವನು ಓದಲಿಲ್ಲ. ಬೈಕಿನ ಸೀಟಿನ ಮೇಲೆ ಹಾಳೆ ಇಟ್ಟು, ಅವಳು ಬೆರಳಿಟ್ಟು ತೋರಿಸಿದ ಕಡೆಯೆಲ್ಲ ಸೈನು ಹಾಕಿದ. ಪೆನ್ನು ವಾಪಸು ಕೊಡುತ್ತಾ, ಆಮೇಲೆ ಮತ್ತೇನಾದ್ರೂ ಮಾತಾಡಿದ್ಲಾ ಎಂದು ಕೇಳಿದ. ಅವಳು ಅರ್ಜಿಯನ್ನು ಎರಡು ಮಡಿಕೆ ಮಾಡಿದಳು, ಮತ್ತೆ ಬಿಡಿಸಿದಳು.

"ಮಾತಾಡ್ತಾ ಅವ್ಳೆ ಕಣ್ರೀ. ಅಪ್ಪ ಹೋದ್ರಾ, ಇನ್ನೂ ಅಲ್ಲೇ ಅವ್ರಾ ಅಂತ ಕೇಳ್ತಾ ಅವ್ಳೆ."

ಅವಳ ದನಿಯಲ್ಲಿ ಹಂಗಿಸುವುದೇನೂ ಇರಲಿಲ್ಲ. ಇದ್ದಿದ್ದರೆ ಅವನು ಜಗಳವಾಡಬಹುದಿತ್ತು. ನೀನು ಏನು ಹೇಳಿದೆ ಎಂದು ಕೇಳಿದ. ಇನ್ನೂ ಏನೂ ಹೇಳಿಲ್ಲ ಅಂದಳು. ಹೋದರು ಅಂತ ಹೇಳು ಎಂದು ಅವನು ಬೈಕನ್ನು ಗೇಟಿನವರೆಗೆ ತಳ್ಳಿಕೊಂಡು ಹೋದ. ಅಲ್ಲಿ ನಿಂತು, ಕ್ಲಾಸಿನ ಕಿಟಕಿ ತೆರೆದಿದೆಯೆಂದು ನೋಡಿಕೊಂಡು ಕಿಕ್ಕರ್ ಒದ್ದ, ಹೊರಟದ್ದು ಒಳಗೆ ಕೇಳಿಸಲಿ ಎಂದು ಆಕ್ಸಿಲರೇಟರನ್ನು ಎರಡು ಸಲ ಜೋರಾಗಿ ತಿರುವಿದ, ಆಮೇಲೆ ಮನೆಯ ದಾರಿ ಬಿಟ್ಟು ಇನ್ನೊಂದು ರಸ್ತೆಗೆ ತಿರುಗಿದ.